ಹೊಲದ ಔಷಧಿ ಮತ್ತು ಮನೆಯ ಸಂತಾನ

ಮದುವೆಯಾಗಿ ಎರಡು ಮೂರು ವರ್ಷಗಳಾದರೂ ಮಕ್ಕಳಾಗದಿದ್ದರೆ ನಮ್ಮ ಹಳ್ಳಿಗಳಲ್ಲಿ ಜನರು ಮೊದಲು ಬೊಟ್ಟು ಮಾಡುವುದು ಹೆಂಡತಿಯ ಕಡೆಗೆ. ಗಂಡನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ಸಿಂಪಡಣೆ ಯಂತ್ರದ ಕಡೆಗೆ ಯಾರ ದೃಷ್ಟಿಯೂ ಹೋಗುವುದಿಲ್ಲ. ಚಿಕ್ಕೋಡಿ, ರಾಯಬಾಗ, ಕಾಗವಾಡಗಳಲ್ಲಿ ಕಬ್ಬು, ಅಥಣಿಯಲ್ಲಿ ದ್ರಾಕ್ಷಿ, ನಿಪ್ಪಾಣಿಯಲ್ಲಿ ತಂಬಾಕು ಬೆಳೆಯುವ ದಂಪತಿಗಳು ಈ ಪಾಠವನ್ನು ಕೂಡಿ ಕುಳಿತು ಓದಬೇಕು.

ನಮ್ಮ ಶರೀರದಲ್ಲಿ ನಿರ್ನಾಳ ಗ್ರಂಥಿಗಳಿವೆ. ಇವು ಸ್ರವಿಸುವ ಹಾರ್ಮೋನುಗಳು ರಕ್ತದಲ್ಲಿ ಬೆರೆತು, ಯಾವ ಅಂಗವು ಯಾವಾಗ ಏನು ಮಾಡಬೇಕೆಂದು ತಿಳಿಸುತ್ತವೆ. ಹುಡುಗನ ದನಿ ಒಡೆಯುವುದು, ಹುಡುಗಿ ಮೈನೆರೆಯುವುದು, ವೀರ್ಯಾಣು ಬೆಳೆಯುವುದು, ಗರ್ಭ ನಿಲ್ಲುವುದು, ಎಲ್ಲವೂ ಇವುಗಳ ಅಪ್ಪಣೆಯಂತೆ. ಕೆಲವು ರಾಸಾಯನಿಕಗಳು ಹಾರ್ಮೋನಿನ ವೇಷ ಧರಿಸಿ ಸುಳ್ಳು ಅಪ್ಪಣೆ ಕೊಡುತ್ತವೆ. ಬೇರೆ ಕೆಲವು ನಿಜವಾದ ಅಪ್ಪಣೆಯನ್ನೇ ತಡೆಯುತ್ತವೆ. ಹಾರ್ಮೋನುಗಳು ಅತ್ಯಲ್ಪ ಪ್ರಮಾಣದಲ್ಲಿ ಕೆಲಸ ಮಾಡುವುದರಿಂದ, ವಾಂತಿ ತಲೆಸುತ್ತು ತಾರದಷ್ಟು ಸ್ವಲ್ಪ ವಿಷವೂ ಇಲ್ಲಿ ತೊಡಕು ಮಾಡಬಲ್ಲುದು.

ಇದಕ್ಕೆ ನಿದರ್ಶನವು ಕನ್ನಡದ ಊರೊಂದರಲ್ಲೇ ಇದೆ. ಕಾಸರಗೋಡು ಜಿಲ್ಲೆಯ ಪಡ್ರೆ ಗ್ರಾಮದ ಸುತ್ತಲಿನ ಗೇರು ತೋಟಗಳ ಮೇಲೆ 2000ದವರೆಗೆ, ಸುಮಾರು ಎರಡು ದಶಕ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿಯ 117 ಹುಡುಗರನ್ನೂ, ಸಿಂಪಡಣೆ ಕಾಣದ ಊರಿನ 90 ಹುಡುಗರನ್ನೂ ಪರೀಕ್ಷಿಸಿ, 2003ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಿತ್ತು. ಪುರುಷ ಹಾರ್ಮೋನಾದ ಟೆಸ್ಟೋಸ್ಟಿರಾನ್ ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. ಅವರು ಶಾಲೆಗೆ ಹೋಗುವ ಮಕ್ಕಳು, ಔಷಧಿ ಹೊಡೆಯುವವರಲ್ಲ ಎಂಬುದನ್ನು ಗಮನಿಸಿರಿ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಯಿತು.

ಒಂದು ಔಷಧಿ ಹೋಯಿತೆಂದು ನಿಶ್ಚಿಂತರಾಗುವಂತಿಲ್ಲ. ಅಟ್ರಾಜಿನ್ ಎಂಬ ಕಳೆನಾಶಕವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದ ನೀರಿನಲ್ಲಿ ಬೆಳೆದ ಗಂಡು ಕಪ್ಪೆಗಳ ಪೈಕಿ ಕೆಲವು ಹೆಣ್ಣಾಗಿ ಮೊಟ್ಟೆಯಿಟ್ಟವೆಂದು 2010ರಲ್ಲಿ ಅಮೆರಿಕದ ವಿಜ್ಞಾನಿಗಳು ತಿಳಿಸಿದರು. ಕಪ್ಪೆಗೆ ಆದುದೆಲ್ಲ ಮನುಷ್ಯನಿಗೂ ಆಗುವುದೆಂದು ಹೇಳಲಾಗದು. ಆದರೆ ಅದೇ ನೀರನ್ನು ನಾವೂ ಕುಡಿಯುತ್ತೇವೆ.

ಹೆಚ್ಚಿನ ಎಚ್ಚರ ಬೇಕಾದುದು ಗರ್ಭದ ಮೊದಲ ಮೂರು ತಿಂಗಳಲ್ಲಿ. ಮಗುವಿನ ಅಂಗಾಂಗಗಳು ರೂಪುಗೊಳ್ಳುವುದು ಆಗಲೇ. ತಾಯಿಗೆ ತಾನು ಗರ್ಭಿಣಿಯೆಂಬುದು ಎಷ್ಟೋ ಸಲ ಆಗ ತಿಳಿದೇ ಇರುವುದಿಲ್ಲ. ಆದುದರಿಂದ ಮುಟ್ಟು ತಪ್ಪಿದ ಗೃಹಿಣಿಯು ಔಷಧಿ ಕಲಸುವುದಾಗಲಿ, ಸಿಂಪಡಿಸಿದ ಬಟ್ಟೆಯನ್ನು ಒಗೆಯುವುದಾಗಲಿ ಕೂಡದು. ಆ ಬಟ್ಟೆಯನ್ನು ಗಂಡನೇ ಬೇರೆಯಾಗಿ ಒಗೆದುಕೊಂಡರೆ ಅವನ ಮಾನಕ್ಕೇನೂ ಕುಂದಿಲ್ಲ. ಹಸಿ ತಂಬಾಕಿನ ಎಲೆಯಿಂದಲೂ ನಿಕೋಟಿನ್ ಚರ್ಮದ ಮೂಲಕ ಒಳಗೆ ಹೋಗುವುದರಿಂದ ಗರ್ಭಿಣಿಯನ್ನು ಆ ಕೆಲಸಕ್ಕೆ ಕಳುಹಬೇಡಿರಿ. ಔಷಧಿಯ ಖಾಲಿ ಡಬ್ಬಿ ಎಷ್ಟು ತೊಳೆದರೂ ನೀರಿಗೆ, ಎಣ್ಣೆಗೆ ಯೋಗ್ಯವಲ್ಲ.

ವೀರ್ಯಾಣು ಹೊಸದಾಗಿ ಬೆಳೆಯಲು ಸುಮಾರು ಎರಡೂವರೆ ತಿಂಗಳು ಹಿಡಿಯುತ್ತದೆ. ಸಂತಾನ ಬಯಸುವ ಪುರುಷನು ಅಷ್ಟು ಕಾಲವಾದರೂ ಸಿಂಪಡಣೆಯಿಂದ ದೂರವಿರುವುದು ಲೇಸು. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ ಇಬ್ಬರೂ ಕೂಡಿಯೇ ವೈದ್ಯರಲ್ಲಿಗೆ ಹೋಗಿರಿ. ಗಂಡನ ವೀರ್ಯ ಪರೀಕ್ಷೆಯು ಹೆಂಡತಿಯ ಪರೀಕ್ಷೆಗಳಿಗಿಂತ ಸುಲಭವಾದುದು. ಅದನ್ನೇ ಮೊದಲು ಮಾಡಿಸಿರಿ. ಹೋಗುವಾಗ ಹೊಲಕ್ಕೆ ಬಳಸಿದ ಔಷಧಿಗಳ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ವೈದ್ಯರಿಗೆ ತೋರಿಸಿರಿ.