ನದಿ ಮರಳಿಗೆ ಅನುಮತಿ: ಕುಡಿಯುವ ನೀರಿನ ಮೂಲಗಳ ಸಂರಕ್ಷಣೆ

(ಗ್ರಾಮ ಪಂಚಾಯತ್ ಸದಸ್ಯರು, ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು ಹಾಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಗಳ ಅಧ್ಯಯನಕ್ಕಾಗಿ)

ಹಿನ್ನೆಲೆ

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ. ಆದರೂ ಏಪ್ರಿಲ್–ಮೇ ತಿಂಗಳುಗಳಲ್ಲಿ ನೀರಿನ ಚಿಂತೆ ತಪ್ಪಿದ್ದಲ್ಲ. ಮಂಗಳೂರು ನಗರಕ್ಕೆ ನೀರು ಬರುವುದು ಬಂಟ್ವಾಳ ತಾಲೂಕಿನ ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ. ಫಲ್ಗುಣಿ ನದಿಯ ಮಳವೂರು ಕಿಂಡಿ ಅಣೆಕಟ್ಟು ಬಹುಗ್ರಾಮ ಯೋಜನೆಗೆ ಆಧಾರ. 2016 ಮತ್ತು 2019ರ ಬೇಸಿಗೆಗಳಲ್ಲಿ ತುಂಬೆಯ ಮಟ್ಟ ಕುಸಿದು ನಗರಕ್ಕೆ ಸರದಿಯಂತೆ ನೀರು ಪೂರೈಸಬೇಕಾಯಿತು. ಆ ಕೊರತೆಗೆ ಮರಳುಗಾರಿಕೆಯೇ ಕಾರಣವೆಂದಲ್ಲ. ಆದರೆ ಮೂಲಗಳು ಎಷ್ಟು ತೆಳುವಾದ ಆಸರೆಯಲ್ಲಿ ನಿಂತಿವೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಮನೆ, ಶಾಲೆ, ರಸ್ತೆಗಳಿಗೆ ಮರಳು ಬೇಕು. ಎಲ್ಲಿಂದ, ಎಷ್ಟು ಆಳದಿಂದ ಎಂಬುದೇ ಪ್ರಶ್ನೆ.

ಮರಳಿನೊಳಗಿನ ನೀರು

ನದಿಪಾತ್ರದ ಮರಳು ಮಳೆಗಾಲದಲ್ಲಿ ನೀರು ಹಿಡಿದು, ಬೇಸಿಗೆಯಲ್ಲಿ ಮೆಲ್ಲನೆ ಬಿಡುತ್ತದೆ. ಒಂದು ಹೆಕ್ಟೇರ್ ಪಾತ್ರದಲ್ಲಿ ಒಂದು ಮೀಟರ್ ದಪ್ಪದ ಮರಳೆಂದರೆ 10,000 ಘನ ಮೀಟರ್. ಅದರಲ್ಲಿ ಶೇ. 20ರಷ್ಟು ನೀರು ಬಸಿಯುತ್ತದೆಂದು ಹಿಡಿದರೆ 20 ಲಕ್ಷ ಲೀಟರ್. ತಲಾ 55 ಲೀಟರ್‌ನಂತೆ ಇದು ಸುಮಾರು 1,200 ಜನರ ಒಂದು ತಿಂಗಳ ಅಗತ್ಯ.

‘ಮರಳು ತೆಗೆದ ಗುಂಡಿಯಲ್ಲೂ ನೀರು ನಿಲ್ಲುತ್ತದಲ್ಲ’ ಎಂಬ ವಾದವುಂಟು. ನಿಲ್ಲುತ್ತದೆ, ನಿಜ; ಆದರೆ ಕೆಳಗಿನ ಮಟ್ಟದಲ್ಲಿ ನಿಲ್ಲುತ್ತದೆ. ಪಾತ್ರ ತಗ್ಗಿದಂತೆ ದಡದ ಬಾವಿಗಳ ನೀರು ಆ ತಗ್ಗಿನತ್ತ ಬಸಿಯುತ್ತದೆ. ಸೋಸುವ ಪದರವೂ ಇಲ್ಲವಾಗುತ್ತದೆ. ಅಳಿವೆಯ ಸಮೀಪ ಅಪಾಯ ಇನ್ನೂ ಹೆಚ್ಚು: ಪಾತ್ರ ಆಳವಾದಷ್ಟೂ ಉಬ್ಬರದ ಉಪ್ಪುನೀರು ಮೇಲಕ್ಕೆ ಏರಲು ದಾರಿ ಸುಗಮ. ಉಪ್ಪುನೀರನ್ನು ತಡೆಯಲೆಂದೇ ಹರೇಕಳ–ಅಡ್ಯಾರ್ ನಡುವೆ ನೇತ್ರಾವತಿಗೆ ಅಣೆಕಟ್ಟು ಕಟ್ಟಲಾಗಿದೆ. ಒಮ್ಮೆ ಉಪ್ಪಾದ ಬಾವಿ ಒಂದೇ ಮಳೆಗೆ ಸಿಹಿಯಾಗುವುದೆಂಬ ಭರವಸೆಯಿಲ್ಲ.

ಅಂತರದ ನಿಯಮ

ಕೇಂದ್ರ ಪರಿಸರ ಸಚಿವಾಲಯದ 2020ರ ಮರಳು ಗಣಿಗಾರಿಕೆ ಜಾರಿ ಮತ್ತು ಉಸ್ತುವಾರಿ ಮಾರ್ಗಸೂಚಿಯು ಸೇತುವೆಯಂತಹ ಸಾರ್ವಜನಿಕ ನಿರ್ಮಾಣಗಳ ಸಾಲಿನಲ್ಲಿ ನೀರೆತ್ತುವ ಸ್ಥಾನಗಳನ್ನೂ ಸೇರಿಸಿದೆ. ನಿರ್ಮಾಣದ ಉದ್ದದ ಐದು ಪಟ್ಟು ದೂರ ಮೇಲ್ಬದಿಗೆ, ಹತ್ತು ಪಟ್ಟು ಕೆಳಬದಿಗೆ ಮರಳು ತೆಗೆಯುವಂತಿಲ್ಲ. ಕನಿಷ್ಠ ಅಂತರ ಕ್ರಮವಾಗಿ 250 ಮತ್ತು 500 ಮೀಟರ್.

ಕೆಳಬದಿಗೆ ಅಂತರ ಹೆಚ್ಚೇಕೆ? ಗುಂಡಿಯ ಮೇಲಂಚನ್ನು ಹರಿವು ಕೊರೆಯುತ್ತದೆ. ಆ ಕೊರೆತ ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಸರಿಯುತ್ತದೆ. ಹೀಗಾಗಿ ಕೆಳಗೆ ತೋಡಿದ ಗುಂಡಿ ಮೇಲಿನ ಅಣೆಕಟ್ಟಿನ ಬುಡವನ್ನು ತಲಪಬಲ್ಲದು. ಫಲ್ಗುಣಿಯ ಮೂಲರಪಟ್ಣ ಸೇತುವೆ ಜೂನ್ 2018ರಲ್ಲಿ ಕುಸಿಯಿತು. ಜೂನ್ 2021ರಲ್ಲಿ ಮರವೂರು ಸೇತುವೆಯ ಕಂಬ ಕುಸಿದು ಸಂಚಾರ ನಿಂತಿತು. ಎರಡೂ ಕಡೆ ಸ್ಥಳೀಯರು ಬೊಟ್ಟು ಮಾಡಿದ್ದು ಸಮೀಪದ ಮರಳುಗಾರಿಕೆಯತ್ತ.

ಪಂಚಾಯತ್ ಮಾಡಬೇಕಾದುದು

ಸಂವಿಧಾನದ ಹನ್ನೊಂದನೆಯ ಅನುಸೂಚಿಯಂತೆ ಕುಡಿಯುವ ನೀರು ಪಂಚಾಯತ್‌ಗಳಿಗೆ ವಹಿಸಬಹುದಾದ ವಿಷಯ. ಮರಳಿನ ಬ್ಲಾಕ್ ಗುರುತಿಸುವವರ ನಕ್ಷೆಯಲ್ಲಿ ನದಿಯಿರುತ್ತದೆ. ದಡದ ತೆರೆದ ಬಾವಿ ಇರಬೇಕೆಂದಿಲ್ಲ. ನಕ್ಷೆಯಲ್ಲಿಲ್ಲದ ಬಾವಿಗೆ ಅಂತರ ಅಳೆಯುವವರಿಲ್ಲ. ಆದುದರಿಂದ:

1. ನದಿದಡದ ಸಾರ್ವಜನಿಕ ಬಾವಿ, ಕೊಳವೆಬಾವಿ, ಜಾಕ್‌ವೆಲ್‌ಗಳ ಪಟ್ಟಿಯನ್ನು ಅಕ್ಷಾಂಶ–ರೇಖಾಂಶ ಸಹಿತ ಸಿದ್ಧಪಡಿಸಿಡುವುದು.

2. ಜನವರಿಯಿಂದ ಮೇ ತನಕ ತಿಂಗಳಿಗೊಮ್ಮೆ ನೀರಿನ ಮಟ್ಟವನ್ನೂ, ಅಳಿವೆ ಸಮೀಪದಲ್ಲಿ ಲವಣಾಂಶವನ್ನೂ ಅಳೆದು ದಾಖಲಿಸುವುದು. ಅನುಮತಿಗೆ ಮೊದಲಿನ ದಾಖಲೆಯಿಲ್ಲದೆ ನಂತರದ ಹಾನಿಯನ್ನು ಸಾಬೀತುಪಡಿಸುವುದು ಕಷ್ಟ.

3. ಕರಡು ಜಿಲ್ಲಾ ಸಮೀಕ್ಷಾ ವರದಿಯನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ 21 ದಿನ ಪ್ರಕಟಿಸಬೇಕೆಂಬ ನಿಯಮವಿದೆ. ಆ ಅವಧಿಯೊಳಗೆ ಪಟ್ಟಿ ಹಾಗೂ ಆಕ್ಷೇಪಗಳನ್ನು ಲಿಖಿತವಾಗಿ ಸಲ್ಲಿಸುವುದು.

4. ಜಂಟಿ ಸ್ಥಳ ಪರಿಶೀಲನೆಯನ್ನು ನೀರು ತುಂಬಿದ ನವೆಂಬರಿನಲ್ಲಷ್ಟೇ ಅಲ್ಲ, ಏಪ್ರಿಲಿನಲ್ಲೂ ನಡೆಸುವಂತೆ ಕೋರುವುದು. ಪಂಪು ಚಾಲಕರನ್ನು ಜತೆಗೆ ಕರೆದೊಯ್ಯುವುದು.

5. ಮೂರು ಮೀಟರ್ ಎಂಬುದು ಆಳದ ಗರಿಷ್ಠ ಮಿತಿಯೇ ಹೊರತು ಹಕ್ಕಲ್ಲ. ಬೇಸಿಗೆಯ ನೀರಿನ ಮಟ್ಟ ಮೇಲಿದ್ದಲ್ಲಿ ಕಡಿಮೆ ಆಳವನ್ನೇ ಷರತ್ತಾಗಿ ಸೂಚಿಸುವುದು.

ಚರ್ಚೆಗೆ

ಗ್ರಾಮದ ಯಾವ ಬಾವಿ ಮೊದಲು ಬತ್ತುತ್ತದೆ, ಯಾವುದು ಮೊದಲು ಉಪ್ಪಾಗುತ್ತದೆ? ಹತ್ತಿರದ ಮರಳು ದಕ್ಕೆಯಿಂದ ಅದು ಎಷ್ಟು ದೂರ? ಈ ಎರಡು ಉತ್ತರಗಳು ಮುಂದಿನ ಗ್ರಾಮಸಭೆಯ ನಡವಳಿಯಲ್ಲಿ ದಾಖಲಾದರೆ, ಅನುಮತಿಯ ಕಡತ ಬಂದಾಗ ಪಂಚಾಯತ್‌ನ ಕೈಯಲ್ಲಿ ಬರಿಯ ಆತಂಕವಲ್ಲ, ಆಧಾರವಿರುತ್ತದೆ.