ಪರದೆ ನಂಬುವ ಮುನ್ನ

ಜೂನ್, ಜುಲೈ ತಿಂಗಳ ಮೀನುಗಾರಿಕೆ ರಜೆ ಮುಗಿದು ಬೋಟು ನೀರಿಗಿಳಿಸುವ ಮೊದಲು ಜಿಪಿಎಸ್‌ ಅನ್ನೂ ಒಮ್ಮೆ ಪರೀಕ್ಷಿಸಿ. ಬಲೆ, ಎಂಜಿನ್ ನೋಡುವವರೆಲ್ಲ ಇದನ್ನು ಮರೆಯುತ್ತಾರೆ.

ಬೋಟು ದಕ್ಕೆಗೆ ಕಟ್ಟಿರುವಾಗಲೇ ಪರದೆ ನೋಡಿ. ನಕ್ಷೆಯಲ್ಲೂ ನೀವು ದಕ್ಕೆಯಲ್ಲೇ ಇದ್ದೀರಾ, ಅಥವಾ ಯಾರದೋ ತೋಟದಲ್ಲಿ ನಿಂತಿದ್ದೀರಾ? ಜಿಪಿಎಸ್ ಸಾಮಾನ್ಯವಾಗಿ ಕೆಲವೇ ಮೀಟರ್ ತಪ್ಪುತ್ತದೆ. ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಸೆಟ್ಟಿಂಗ್‌ನಲ್ಲಿ ಡೇಟಮ್ (ನಕ್ಷೆಯ ಲೆಕ್ಕದ ಆಧಾರ) 'ಡಬ್ಲ್ಯುಜಿಎಸ್-84' ಇದೆಯೇ ನೋಡಿ. ಹಳೆಯ ಕಾಗದದ ನಕ್ಷೆಗಳ ಲೆಕ್ಕ ಬೇರೆಯಿರಬಹುದು.

ಇನ್ನೂ ದೊಡ್ಡ ಎಡವಟ್ಟು ಆಗುವುದು ಪಾಯಿಂಟ್ ಬರೆದುಕೊಳ್ಳುವಾಗ. ವೈರ್‌ಲೆಸ್‌ನಲ್ಲಿ ಗೆಳೆಯ '13 ಡಿಗ್ರಿ, 20 ಮಿನಿಟು, 30' ಅಂದ. ಆ 30 ಸೆಕೆಂಡೋ, ಮಿನಿಟಿನ ದಶಾಂಶವೋ? 30 ಸೆಕೆಂಡ್ ಎಂದರೆ ಅರ್ಧ ಮಿನಿಟು, ದಶಾಂಶವಾದರೆ 0.30 ಮಿನಿಟು. ಅಕ್ಷಾಂಶದ ಒಂದು ಮಿನಿಟು ಸುಮಾರು 1,852 ಮೀಟರ್, ಹಾಗಾಗಿ ವ್ಯತ್ಯಾಸ 370 ಮೀಟರ್! ಬಂಡೆಯ ಪಾಯಿಂಟ್ ಆಗಿದ್ದರೆ ಬೋಟಿನ ಗತಿ ಹೇಳಬೇಕಿಲ್ಲ. ಕೇಳಿ, ಖಾತ್ರಿ ಮಾಡಿಕೊಳ್ಳಿ, ಸಂಕೋಚ ಬೇಡ.

ಪರದೆಯನ್ನು ಎಷ್ಟು ಹಿಗ್ಗಿಸಿದರೂ ನಕ್ಷೆಯ ನಿಖರತೆ ಹಿಗ್ಗುವುದಿಲ್ಲ. ಗಂಗೊಳ್ಳಿಯಂಥ ಅಳಿವೆಗಳಲ್ಲಂತೂ ಮಳೆಗಾಲ ಮರಳಿನ ದಿಬ್ಬವನ್ನೇ ಆಚೀಚೆ ಸರಿಸಿಬಿಡುತ್ತದೆ. ಹಳೆ ಆಳದ ಅಂಕಿ ಅಲ್ಲಿ ಬರೀ ಅಲಂಕಾರ. ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿ ಹೊರಡಿಸುವ ತಿದ್ದುಪಡಿಗಳು ನಿಮ್ಮ ನಕ್ಷೆಗೆ ಸೇರಿವೆಯೇ, ವಿಚಾರಿಸಿ. ಅಳಿವೆ ದಾಟುವಾಗ ಆಳ ಅಳೆಯುವ ಯಂತ್ರ ಚಾಲೂ ಇರಲಿ, ಮುಂದುಗಡೆ ಒಬ್ಬ ನಿಂತಿರಲಿ.