ಕೆತ್ತಿದ ಕಿರೀಟ, ಕಟ್ಟಿದ ಮುಂಡಾಸು: ಯಕ್ಷಗಾನ ಶಿರೋಭೂಷಣಗಳ ಒಂದು ವಿವೇಚನೆ

ಕನ್ನಡದಲ್ಲಿ ಬಯಲಾಟಗಳ ಅಧ್ಯಯನವು ಬಹುಮಟ್ಟಿಗೆ ಪ್ರಸಂಗಪಠ್ಯವನ್ನು ಆಧರಿಸಿ ಬೆಳೆದಿದೆ. ಪ್ರದರ್ಶನಾಂಗಗಳತ್ತ ವಿದ್ವಾಂಸರ ಗಮನ ಸೆಳೆದ ಕೃತಿಗಳಲ್ಲಿ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ ಮುಖ್ಯವಾದುದು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಆದರೂ ಶಿರೋಭೂಷಣಗಳನ್ನು ಅವುಗಳ ನಿರ್ಮಾಣಕ್ರಮದ ದೃಷ್ಟಿಯಿಂದ ಪರಿಶೀಲಿಸುವ ಅಗತ್ಯ ಉಳಿದೇ ಇದೆ.

ನಿರ್ಮಾಣವನ್ನು ಆಧರಿಸಿ ಇವುಗಳನ್ನು ಎರಡಾಗಿ ವಿಂಗಡಿಸಬಹುದು: ಕೆತ್ತಿದವು ಮತ್ತು ಕಟ್ಟಿದವು. ಇಂದು ಬೆಂಗಳೂರು ನಗರದೊಳಗೆ ಸೇರಿಹೋಗಿರುವ ದೊಡ್ಡನೆಕ್ಕುಂದಿಯಂತಹ ಊರುಗಳನ್ನು ಒಳಗೊಂಡ ಬಯಲುಸೀಮೆ ಮೂಡಲಪಾಯದ ಪ್ರದೇಶ. ಮೂಡಲಪಾಯದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳು ಹಗುರ ಮರದಲ್ಲಿ ಕೆತ್ತಿ, ಬಣ್ಣ, ಬೇಗಡೆ, ಕನ್ನಡಿಚೂರುಗಳಿಂದ ಅಲಂಕರಿಸಿದಂಥವು. ಒಮ್ಮೆ ಸಿದ್ಧವಾದ ಕಿರೀಟ ತಲೆಯಿಂದ ತಲೆಗೆ, ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ.

ಕರಾವಳಿಯ ಬಡಗುತಿಟ್ಟಿನಲ್ಲಿಯೂ ಮರದ ಕಿರೀಟಗಳಿವೆ. ಆದರೆ ಆ ತಿಟ್ಟಿನ ಅನನ್ಯತೆ ಇರುವುದು ಮುಂಡಾಸಿನಲ್ಲಿ. ಅರ್ಜುನ, ಕರ್ಣರಂತಹ ಪಾತ್ರಗಳಿಗೆ ದೊಡ್ಡ ಮುಂಡಾಸು. ಅಭಿಮನ್ಯು, ಬಭ್ರುವಾಹನರಂತಹ ತರುಣ ವೀರರಿಗೆ ಕೇದಗೆ ಮುಂದಲೆ. ಬಟ್ಟೆಯನ್ನು ಸುತ್ತಿ, ದಾರದಿಂದ ಬಿಗಿದು, ಮೇಲೆ ಹೊಳೆಯುವ ಪಟ್ಟಿಗಳನ್ನೆಳೆದು ಇದನ್ನು ಚೌಕಿಯಲ್ಲಿ ಕಟ್ಟಲಾಗುತ್ತದೆ. ಆಟ ಮುಗಿದ ಮೇಲೆ ಬಿಚ್ಚಲಾಗುತ್ತದೆ. ಅಂದರೆ ಮುಂಡಾಸಿನ ಆಯುಷ್ಯ ಒಂದು ರಾತ್ರಿ. ಅದು ವಸ್ತುವಾಗಿ ಉಳಿಯುವುದಿಲ್ಲ, ಕಲಾವಿದನ ಕೈಯ ಅರಿವಾಗಿ ಉಳಿಯುತ್ತದೆ. ತುಳುನಾಡಿನ ಭೂತಾರಾಧನೆಯಲ್ಲಿ ತೆಂಗಿನ ಸಿರಿಯಿಂದ ಹೊಸದಾಗಿ ಕಟ್ಟುವ ಅಣಿಯೂ ಇದೇ ಬಗೆಯದು.

ಬಾಲಿ ದ್ವೀಪದ ನೃತ್ಯಗಳ ‘ಗೆಲುಂಗನ್’ ಎಂಬ ಶಿರೋಭೂಷಣ ಇಲ್ಲಿ ಹೋಲಿಕೆಗೆ ಒದಗುತ್ತದೆ. ಕೊರೆದು ಚಿನ್ನದ ಬಣ್ಣವೇರಿಸಿದ ತೊಗಲಿನ ಚೌಕಟ್ಟು ಬಹುಕಾಲ ಬಾಳುತ್ತದೆ. ಅದಕ್ಕೆ ಸಿಕ್ಕಿಸುವ ದೇವಕಣಗಿಲೆ ಹೂ ಅಂದಂದಿನದು. ಅಲ್ಲಿ ಸ್ಥಿರವೂ ಕ್ಷಣಿಕವೂ ಒಂದೇ ಶಿರೋಭೂಷಣದಲ್ಲಿ ಕೂಡಿದ್ದರೆ, ಯಕ್ಷಗಾನದಲ್ಲಿ ಅವು ಕಿರೀಟ, ಮುಂಡಾಸುಗಳಾಗಿ ಬೇರೆಬೇರೆ ನಿಂತಿವೆ.

ಈ ಭೇದಕ್ಕೆ ಸಂರಕ್ಷಣೆಯ ದೃಷ್ಟಿಯಿಂದ ವಿಶೇಷ ಮಹತ್ವವಿದೆ. ಮರದ ಕಿರೀಟವನ್ನು ವಸ್ತುಸಂಗ್ರಹಾಲಯದಲ್ಲಿ ಇರಿಸಬಹುದು. ಮುಂಡಾಸನ್ನು ಇರಿಸಿದರೆ ಉಳಿಯುವುದು ಅದರ ಆಕಾರವೇ ಹೊರತು ಕಟ್ಟುವ ವಿದ್ಯೆಯಲ್ಲ. ಕಾಲಮಿತಿಯ ಪ್ರದರ್ಶನಗಳ ಒತ್ತಡದಲ್ಲಿ ಸಿದ್ಧ ಮುಂದಲೆಗಳು ಬಳಕೆಗೆ ಬಂದಿವೆ. ಇದರಿಂದ ಸಮಯ ಉಳಿಯುತ್ತದೆ ಎಂಬುದು ನಿಜ. ಆದರೆ ಮುಖದ ಅಳತೆ, ಪಾತ್ರದ ಸ್ವಭಾವಗಳಿಗೆ ತಕ್ಕಂತೆ ಕಟ್ಟನ್ನು ಹೊಂದಿಸುವ ವಿವೇಚನೆ ಸಿದ್ಧವಸ್ತುವಿನಲ್ಲಿ ಇರಲಾರದು. ಕಿರಿಯ ಕಲಾವಿದ ಹಿರಿಯರ ಬಳಿ ಕುಳಿತು ಕಲಿಯುವ ಸಂದರ್ಭವೂ ಇದರೊಂದಿಗೆ ಕುಗ್ಗುತ್ತದೆ.

ಆದುದರಿಂದ ಕ್ಷೇತ್ರಕಾರ್ಯವು ರಂಗಸ್ಥಳದಿಂದ ಚೌಕಿಗೆ ವಿಸ್ತರಿಸಬೇಕಾಗಿದೆ. ಕಟ್ಟುವ ಪ್ರತಿ ಹಂತವನ್ನೂ ಅದಕ್ಕೆ ಸಂಬಂಧಿಸಿದ ಕಲಾವಿದರ ಪದಕೋಶವನ್ನೂ ಒಟ್ಟಿಗೆ ದಾಖಲಿಸಿದಾಗ ಮಾತ್ರ ಶಿರೋಭೂಷಣದ ಅಧ್ಯಯನ ಪೂರ್ಣಗೊಳ್ಳುತ್ತದೆ.